ರಾಣಿಯ ಗಲ್ಲದ ಚುಕ್ಕಿ

"ಎಷ್ಟು ಬೇಕಾದ್ರೂ ನೋಡಿ. ತೂಕ ಹಾಕಿ, ಉಜ್ಜಿ. ಕಲ್ಲಿಗೆ ಮಾತ್ರ ಬಡೀಬೇಡಿ," ಎಂದಳು ಮುದುಕಿ.

ಭೂತಗನ್ನಡಿ ನಕ್ಕುಬಿಟ್ಟ. ಸದಾ ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೂರುವವನಿಗೆ ಬೀದಿಯವರು ಇಟ್ಟ ಹೆಸರು ಅದು. ಹಳೆಯ ನಾಣ್ಯಗಳ ಅಂಗಡಿಯನ್ನು ಈ ಬೀದಿಗೆ ತಂದು ಆರು ತಿಂಗಳಾಗಿತ್ತಷ್ಟೆ. ಪರದೇಶದವರು ಆಳಿದ ಕಾಲದ ಬೆಳ್ಳಿ ನಾಣ್ಯವೆಂದರೆ ಅವನಿಗೆ ಪ್ರಾಣ. ಒಂದೇ ರಾಣಿ, ಒಂದೇ ಇಸವಿ, ಆದರೂ ಅಚ್ಚು ಬೇರೆ ಬೇರೆ. ಕಿರೀಟದ ಮುತ್ತು, ಉಡುಪಿನ ಹೂವು, ಇಸವಿಯ ಕೆಳಗಿನ ಚುಕ್ಕಿ ನೋಡಿದರೆ ಸಾಕು, ಯಾವ ಟಂಕಸಾಲೆಯ ಯಾವ ಅಚ್ಚು ಎಂದು ಥಟ್ಟನೆ ಹೇಳುತ್ತಿದ್ದ. ಕೊನೆಗೆ ಮೇಜಿನ ಮೇಲಿನ ಕರಿಕಲ್ಲಿಗೆ ಬಡಿದು ನಾದ ಕೇಳುತ್ತಿದ್ದ. ಅಸಲಿ ಬೆಳ್ಳಿಯಾದರೆ ಝಣ್ ಎನ್ನಬೇಕು. ಬಡಿಯದೆ ಅವನ ಪರೀಕ್ಷೆ ಮುಗಿಯುತ್ತಿರಲಿಲ್ಲ.

"ಬಡಿದ್ರೆ ಏನಾಗುತ್ತಮ್ಮಾ? ರಾಣಿ ಎದ್ದು ಬಂದು ಕಪಾಳಕ್ಕೆ ಹೊಡೀತಾಳಾ?"

"ಅದರಲ್ಲಿ ಮಾಟ ಇದೆ. ಬಾಯಿ ಕಟ್ಟೋ ಮಾಟ." ಮುದುಕಿಯ ಕಣ್ಣು ನೆಲ ಬಿಟ್ಟು ಮೇಲೇಳಲಿಲ್ಲ. "ಯಾವ ಅಚ್ಚು ಅಂತ ನೋಡಿಡಿ, ಸಾಕು. ಹಳೇ ಛಾಪಖಾನೆ ಹಿಂದೆ ನಮ್ಮನೆ."

ಅಷ್ಟು ಹೇಳಿ, ಯಾರೋ ಅಟ್ಟಿಸಿಕೊಂಡು ಬಂದಂತೆ ಮೆಟ್ಟಿಲಿಳಿದು ಹೋದಳು.

ಹೊರಗೆ ಕತ್ತಲು ಇಳಿಯುತ್ತಿತ್ತು. ನಾಣ್ಯ ಕೈಗೆ ವಿಪರೀತ ತಣ್ಣಗಿತ್ತು. ಸುಟ್ಟ ಕೂದಲಿನ ವಾಸನೆ, ಅದರಡಿಯಲ್ಲಿ ಮುಚ್ಚಿಟ್ಟ ಪೆಟ್ಟಿಗೆಯ ಮುಗ್ಗಲು. ಭೂತಗನ್ನಡಿ ಅದನ್ನು ದೀಪದ ಕೆಳಗೆ ಹಿಡಿದ. ರಾಣಿಯ ಗಲ್ಲದ ಮೇಲೆ, ಎಡಕ್ಕೆ, ಸಾಸಿವೆಯಷ್ಟು ಒಂದು ಚುಕ್ಕಿ! ಅಂಥ ಅಚ್ಚನ್ನು ಅವನು ಕಂಡಿರಲಿಲ್ಲ, ಕೇಳಿರಲಿಲ್ಲ. ತುಟಿಯೂ ಕೊಂಚ ತೆರೆದಿತ್ತು. ಅವನ ಎದೆ ಹೊಡೆದುಕೊಳ್ಳತೊಡಗಿತು. ಭಯಕ್ಕಲ್ಲ, ಆಸೆಗೆ.

"ಯಾರ್ರೀ ಬಂದಿದ್ದು?" ಪರದೆಯ ಆಚೆಯಿಂದ ಹೆಂಡತಿ ಕೂಗಿದಳು. ಅಂಗಡಿಯ ಹಿಂದೆಯೇ ಮನೆ. ಬೆಳಗಿನಿಂದ ರಾತ್ರಿಯವರೆಗೆ ಆ ಪರದೆಯನ್ನು ದಾಟಿ ಅವಳ ಮಾತು ಹರಿದು ಬರುತ್ತಲೇ ಇರುತ್ತಿತ್ತು. ಕಿವಿ ತೂತು ಬಿತ್ತು ಕಣೇ ಎಂದು ಅವನು ಗೊಣಗುತ್ತಿದ್ದ. ಅವಳು ತವರಿಗೆ ಹೋದ ದಿನ ಮಾತ್ರ ಅವನಿಗೆ ಯಾವ ನಾಣ್ಯವೂ ಕಣ್ಣಿಗೆ ಹತ್ತುತ್ತಿರಲಿಲ್ಲ.

"ಮಾಟದ ನಾಣ್ಯ ಕಣೇ. ಕಲ್ಲಿಗೆ ಬಡೀಬಾರದಂತೆ."

"ಬಾರದು ಅಂದ್ಮೇಲೆ ಬಿಟ್ಟುಬಿಡಿ. ನಿಮಗೇನು ಕೈ ತುರಿಕೇನಾ? ಮೊದಲು ಬನ್ನಿ, ಊಟ ಆರ್ತಾ ಇದೆ. ಆಮೇಲೆ ತಣ್ಣಗಾಯ್ತು ಅಂತ ನನ್ನ ಮೇಲೆ ರೇಗೋದು, ನಾನು ಮತ್ತೆ ಒಲೆ ಹಚ್ಚೋದು, ಇದೇ ಆಯ್ತು ನಂದು, ನಾನೇನು..."

ಅವನು ಬಡಿದ.

ಝಣ್ ಎನ್ನಲಿಲ್ಲ. ಠಕ್ ಎನ್ನಲೂ ಇಲ್ಲ. ಬೆಳ್ಳಿ ಕಲ್ಲಿಗೆ ತಾಗಿದ್ದು ಬೆರಳಿಗೆ ಗೊತ್ತಾಯಿತು, ಕಿವಿಗೆ ಗೊತ್ತಾಗಲಿಲ್ಲ. ದೀಪ ಒಮ್ಮೆ ಕುಗ್ಗಿತು. ಪರದೆಯ ಆಚೆ ಮಾತು ಅರ್ಧಕ್ಕೇ ನಿಂತಿತ್ತು.

"ಏನೇ?" ಎಂದ.

ಉತ್ತರವಿಲ್ಲ.

"ಏನೇ, ಸಿಟ್ಟಾ?"

ಪಾತ್ರೆ ಬಿದ್ದ ಸದ್ದು. ಅದು ಉರುಳಿತು. ನಿಂತಿತು. ಅವನು ಪರದೆ ಕಿತ್ತುಕೊಂಡೇ ಒಳಗೆ ನುಗ್ಗಿದ. ಹೆಂಡತಿ ಗೋಡೆಗೆ ಒರಗಿ ನಿಂತಿದ್ದಳು. ಎರಡೂ ಕೈ ಗಂಟಲ ಮೇಲೆ. ಬಾಯಿ ತೆರೆಯುತ್ತಿತ್ತು. ಮುಚ್ಚುತ್ತಿತ್ತು. ತೆರೆಯುತ್ತಿತ್ತು. ಉಸಿರು ಬಿಟ್ಟು ಇನ್ನೇನೂ ಬರಲಿಲ್ಲ.

ವೈದ್ಯರು ಗಂಟಲೊಳಗೆ ದೀಪ ಬಿಟ್ಟು ನೋಡಿದರು. ಎಲ್ಲ ಸರಿಯಾಗಿದೆ, ಮನಸ್ಸಿಗೇನಾದರೂ ಪೆಟ್ಟು ಬಿತ್ತೇ ಎಂದು ಕೇಳಿದರು. ಮನೆಯಲ್ಲಿ ಅವಳು ಕೈಸನ್ನೆ ಮಾಡುವುದನ್ನೂ ಬಿಟ್ಟು ಕಿಟಕಿಯ ಬಳಿ ಕುಳಿತುಬಿಟ್ಟಳು. ಭೂತಗನ್ನಡಿಗೆ ಆ ಮೌನದಲ್ಲಿ ಅನ್ನ ಇಳಿಯಲಿಲ್ಲ. ಹುಚ್ಚು ಹಿಡಿದಂತಾಗಿ ನಾಣ್ಯವನ್ನು ಮತ್ತೆ ಮಸೂರಕ್ಕೆ ಹಿಡಿದ.

ಗಲ್ಲದ ಚುಕ್ಕಿ ಮಾಯವಾಗಿತ್ತು. ತೆರೆದ ತುಟಿಗಳ ನಡುವೆ ಈಗ ಮುಂದಿನ ಎರಡು ಹಲ್ಲು ಕಾಣುತ್ತಿದ್ದವು. ನಡುವೆ ಸಣ್ಣ ಸಂದು. ಮದುವೆಯಾದ ಹೊಸದರಲ್ಲಿ ಅವನು ಹೆಂಡತಿಯನ್ನು ರೇಗಿಸುತ್ತಿದ್ದದ್ದು ಅದೇ ಸಂದಿಗೆ. ನಾಣ್ಯವನ್ನು ಮುಷ್ಟಿಯಲ್ಲಿ ಹಿಡಿದು ಮುದುಕಿಯ ಮನೆಗೆ ಓಡಿದ.

ಹಳೇ ಛಾಪಖಾನೆಯ ಹಿಂದಿನ ಮನೆಯ ಬಾಗಿಲು ತೆರೆದವಳು ಮುದುಕಿಯ ಮಗಳು. ಅವಳ ಗಲ್ಲದ ಮೇಲೆ, ಎಡಕ್ಕೆ, ಸಾಸಿವೆಯಷ್ಟು ಒಂದು ಮಚ್ಚೆ.

"ಬನ್ನಿ, ಬನ್ನಿ, ಕೂತ್ಕೊಳ್ಳಿ. ಅಮ್ಮಾ, ಯಾರೋ ಬಂದಿದ್ದಾರೆ! ನನಗೆ ಮಾತು ಬಂತು ಗೊತ್ತಾ? ಎಂಟು ವರ್ಷ ಮೂಕಿ ಆಗಿದ್ದೆ. ನಿಲ್ಸೋಕೇ ಆಗ್ತಿಲ್ಲ ನೋಡಿ, ನಿದ್ದೇಲೂ ಮಾತಾಡ್ತೀನಂತೆ," ಎಂದು ನಗುತ್ತ ನೀರು ತರಲು ಒಳಗೆ ಹೋದಳು.

ಮುದುಕಿ ಬಂದವಳೇ ಅವನ ಕಾಲಿಗೆ ಬಿದ್ದಳು. "ಅವಳಿಗೇನೂ ಗೊತ್ತಿಲ್ಲಪ್ಪಾ."

"ಬೇಡ ಅಂದ್ರೆ ನಾನು ಬಡಿದೇ ಬಡೀತೀನಿ ಅಂತ ನಿಮಗೆ ಗೊತ್ತಿತ್ತು."

"ಗೊತ್ತಿತ್ತು. ನಮ್ಮ ಯಜಮಾನರೂ ನಿಮ್ಮ ಕಸುಬಿನವರೇ. ಅವರಿಗೂ ಯಾರೋ ಹೀಗೇ ಬೇಡ ಅಂದಿದ್ರು. ಅವರೂ ನಕ್ಕಿದ್ರು."

ತಡೆತಡೆದು ಹೇಳಿದಳು. ನಂಬಿದವರ ಕೈಯಲ್ಲಿ ಅದು ಬರೀ ಬೆಳ್ಳಿ. ನಂಬದೆ ನಗುವವನು ಬಡಿಯಬೇಕು. ಆ ಹೊತ್ತಿಗೆ ಅವನ ಮನೆಯಲ್ಲಿ ಯಾರು ಮಾತಾಡುತ್ತಿರುತ್ತಾರೋ ಅವರ ದನಿ ಒಳಗೆ ಹೋಗುತ್ತದೆ, ಮೊದಲೇ ಒಳಗಿದ್ದದ್ದು ಹೊರಗೆ ಬರುತ್ತದೆ. ಅದರಲ್ಲಿ ಒಬ್ಬರಿಗೇ ಜಾಗ.

"ನನ್ನ ಹೆಂಡತಿ ದನಿ ಬಿಟ್ಟು ನನ್ನದು ತಗೊಳ್ಳಲಿ," ಎಂದ ಭೂತಗನ್ನಡಿ.

"ನೀವೀಗ ನಂಬಿದೀರಲ್ಲಪ್ಪಾ. ಅವಳೂ ನಂಬಿದ್ದಾಳೆ. ನಿಮ್ಮಿಬ್ಬರ ಕೈಗೂ ಅದು ಒಲಿಯಲ್ಲ."

"ಹಾಗಿದ್ರೆ ಕರಗಿಸಿಬಿಡ್ತೀನಿ."

"ಕರಗಿಸಿದ್ರೆ ಒಳಗಿರೋದೂ ಹೋಯ್ತು."

ಒಳಗಿನಿಂದ ಮಗಳು ಹಾಡು ಗುನುಗುತ್ತ ಬರುತ್ತಿದ್ದಳು. ಮುದುಕಿಯನ್ನು ಬೈಯಬೇಕೆಂದು ಬಂದವನು ನೀರು ಕುಡಿಯದೆ ಎದ್ದು ಬಂದ.

ನಂಬದೆ ನಗುವವನನ್ನು ಹುಡುಕಬೇಕಾಗಿರಲಿಲ್ಲ. ಅವನ ಶಿಷ್ಯ ಊರಿನ ಇನ್ನೊಂದು ತುದಿಯಲ್ಲಿ ಅಂಗಡಿ ಇಟ್ಟಿದ್ದ. ಮಾಟ, ಮಂತ್ರ ಎಂದರೆ ಹೊಟ್ಟೆ ಹಿಡಿದುಕೊಂಡು ನಗುವುದನ್ನು ಅವನಿಗೆ ಕಲಿಸಿದ್ದು ಭೂತಗನ್ನಡಿಯೇ. ಹೋಗಲೋ ಬೇಡವೋ ಎಂದು ದಿನಗಟ್ಟಲೆ ಒದ್ದಾಡಿದ. ಒಂದು ಸಂಜೆ ಕಿಟಕಿಯ ಬಳಿ ಹೆಂಡತಿ ತನ್ನಷ್ಟಕ್ಕೆ ತುಟಿ ಆಡಿಸುತ್ತಿದ್ದುದನ್ನು ಕಂಡ. ನಾಣ್ಯ ಜೇಬಿಗೆ ಹಾಕಿಕೊಂಡು ಹೊರಟ.

"ಬನ್ನಿ ಗುರುಗಳೇ!" ಶಿಷ್ಯ ಎದ್ದು ನಿಂತ. ಅವನ ಅಂಗಡಿಯೂ ಮನೆಯ ಮುಂಭಾಗವೇ. ಪರದೆ ಸರಿಸಿ ಆರು ವರ್ಷದ ಮಗಳು ಓಡಿ ಬಂದಳು. "ದೊಡ್ಡಪ್ಪಾ, ನನಗೆ ಹೊಸ ಪದ್ಯ ಬರುತ್ತೆ!" ಎಂದು ಅವನ ಮೊಣಕಾಲು ಹಿಡಿದು ಕುಣಿದಳು.

ಅವನು ಅವಳ ತಲೆ ಸವರಿದ. ಇಲ್ಲಿಂದಲೇ ಹಿಂದಿರುಗಿಬಿಡಬೇಕು ಎನಿಸಿತು. "ಇಲ್ಲಿ ಬೇಡ ಪುಟ್ಟೀ," ಎಂದ. "ಆಚೆ ಎಲ್ಲಾದರೂ ಆಡ್ಕೋ ಹೋಗು." ಅವಳು ಆಚೆ ಹೋಗದೆ ಒಳಗೆ ಓಡಿದಳು. ಪರದೆಯ ಆಚೆಯೇ ನಿಂತು ಗಟ್ಟಿಯಾಗಿ ಪದ್ಯ ಹೇಳತೊಡಗಿದಳು.

ಭೂತಗನ್ನಡಿ ನಾಣ್ಯವನ್ನು ಮೇಜಿನ ಮೇಲಿಟ್ಟ.

"ಎಷ್ಟು ಬೇಕಾದ್ರೂ ನೋಡು. ಕಲ್ಲಿಗೆ ಮಾತ್ರ ಬಡೀಬೇಡ."

"ಯಾಕೆ ಗುರುಗಳೇ? ರಾಣಿಗೆ ನೋವಾಗುತ್ತಾ?" ಶಿಷ್ಯ ನಕ್ಕ. ಅದು ಭೂತಗನ್ನಡಿಯದೇ ನಗು, ಅವನೇ ಕಲಿಸಿದ್ದು.

"ಅದರಲ್ಲಿ ಮಾಟ ಇದೆ," ಎಂದ ಭೂತಗನ್ನಡಿ. ಅವನ ಕಣ್ಣು ನೆಲ ಬಿಟ್ಟು ಮೇಲೇಳಲಿಲ್ಲ.

ಮೆಟ್ಟಿಲಿಳಿದ. ಬೀದಿಗೆ ಬಿದ್ದ. ಬೇಗ ಬೇಗ ನಡೆದ. ಬೆನ್ನ ಹಿಂದೆ ಪದ್ಯ ಕೇಳುತ್ತಿತ್ತು. ಒಂದು ಸಾಲು. ಇನ್ನೊಂದು ಸಾಲು. ಮೂರನೆಯದು ಅರ್ಧಕ್ಕೆ ನಿಂತಿತು.

ಜೇಬಿನಲ್ಲಿ ಫೋನು ಬಡಿದುಕೊಂಡಿತು. ಕಿವಿಗೆ ಹಿಡಿದ.

"ರೀ! ಬಂತು ಕಣ್ರೀ, ನನ್ನ ಮಾತು ಬಂತು! ಎಲ್ಲಿದ್ದೀರಿ? ಬೇಗ ಬನ್ನಿ, ಊಟ ಆರ್ತಾ ಇದೆ. ಏನ್ರೀ, ಯಾಕೆ ಸುಮ್ಮನಿದ್ದೀರಿ? ಮಾತಾಡ್ರೀ..."

ಭೂತಗನ್ನಡಿ ಬಾಯಿ ತೆರೆದ. ಅವನ ಗಂಟಲಿಗೆ ಏನೂ ಆಗಿರಲಿಲ್ಲ. ಆದರೂ ಒಂದು ಮಾತೂ ಹೊರಡಲಿಲ್ಲ.