ಹೊಲಿದು ಕಳಿಸಿದ ಕ್ಲೇಮ್

ಮೊದಲ ದಿನವೇ ಅವರಿಬ್ಬರಿಗೂ ಜಗಳ ಹತ್ತಿಕೊಂಡಿತು. ಅದೂ ಮುಖ ನೋಡದೆ, ಫೋನಿನಲ್ಲಿ.

ಅವಳು ಪುಸ್ತಕಗಳಿಗೆ ಬೈಂಡಿಂಗ್ ಮಾಡುವವಳು. ಹಳೆಯ ಕಾಗದಗಳ ದುರಸ್ತಿ ಕಲಿಯಲು ಮೂರು ವಾರಕ್ಕೆಂದು ಪರದೇಶಕ್ಕೆ ಹೋಗಿದ್ದಳು. ನಾಳೆ ಊರಿಗೆ ವಿಮಾನ ಎನ್ನುವ ದಿನ ಎಡಗಿವಿ ಕೈಕೊಟ್ಟಿತು. ಜ್ವರ, ನೋವು, ಆ ಕಡೆ ಏನೂ ಕೇಳಿಸದು. ಕ್ಲಿನಿಕ್ಕಿನ ಡಾಕ್ಟರು ಬೆಳಕು ಬಿಟ್ಟು ನೋಡಿ, ಕಿವಿತಮಟೆಯ ಹಿಂದೆ ನೀರು ತುಂಬಿದೆ, ಈಗ ವಿಮಾನ ಹತ್ತಿದರೆ ತಮಟೆ ಹರಿದೇ ಹೋದೀತು ಎಂದರು.

ಹೋಟೆಲಿನ ಮಂಚದ ಮೇಲೆ ಕುಳಿತು ಪ್ರಯಾಣ ವಿಮೆಯ ಪಾಲಿಸಿಯ ಹಿಂಬದಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದಳು. ತನ್ನ ಭಾಷೆಗೆ ಐದನ್ನು ಒತ್ತಿದಳು.

"ನಮಸ್ಕಾರ, ಹದಿನಾಲ್ಕನೇ ಡೆಸ್ಕ್. ಈ ಮಾತುಕತೆ ರೆಕಾರ್ಡ್ ಆಗ್ತಿದೆ ಮೇಡಂ, ಹೇಳಿ."

ಹೇಳಿದಳು. ಅವನು ಪಾಲಿಸಿ ನಂಬರ್ ಕೇಳಿದ, ಪಾಸ್‌ಪೋರ್ಟ್ ನಂಬರ್ ಕೇಳಿದ, ಮತ್ತೊಮ್ಮೆ ಪಾಲಿಸಿ ನಂಬರ್ ಕೇಳಿದ. ಆಮೇಲೆ, "ಈ ಮುಂಚೆನೇ ಇದ್ದ ತೊಂದರೆನಾ ಇದು?" ಎಂದ.

ಅವಳಿಗೆ ರೇಗಿತು. "ಹೌದು ರೀ! ಚಿಕ್ಕವಳಿದ್ದಾಗ ನಮ್ಮ ದೊಡ್ಡಮ್ಮ ದಿನಾ ಕಿವಿ ಹಿಂಡ್ತಿದ್ದಳು. ಸಾಕಾ?"

"ಬರ್ಕೊಳ್ಳಲಾ ಮೇಡಂ?"

"ಬರ್ಕೊಳ್ಳಿ!" ಎಂದು ಫೋನ್ ಇಟ್ಟೇಬಿಟ್ಟಳು.

ಹೀಗೆ ಇಟ್ಟವಳ ಕೆಲಸ ಎರಡೇ ಗಂಟೆಯಲ್ಲಿ ಆಗಿಹೋಗಿತ್ತು. ಟಿಕೆಟ್ ಮುಂದಕ್ಕೆ ಹೋಗಿತ್ತು, ಹೋಟೆಲಿನ ಕೋಣೆ ಅವಳಿಗೇ ಉಳಿದಿತ್ತು. ಕ್ಲಿನಿಕ್ಕಿನವರು ತಾವೇ ಫೋನ್ ಮಾಡಿ ಮಾರನೇ ದಿನದ ಸಮಯ ಹೇಳಿದರು. ಹುಚ್ಚು ಕೋಪಕ್ಕೆ ಅವಳಿಗೇ ನಾಚಿಕೆಯಾಯಿತು.

ಫೈಲು ಮುಚ್ಚುವ ತನಕ ಒಂದೇ ಡೆಸ್ಕಿನದು, ಕಾಯಿಲೆಯವರು ವಿಮಾನ ಹತ್ತುವ ತನಕ ದಿನಕ್ಕೊಂದು ಫೋನು. ಅದು ಆ ಕಂಪನಿಯ ಪದ್ಧತಿ. ಹಾಗಾಗಿ ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ ಫೋನ್ ಬರುತ್ತಿತ್ತು. ಜ್ವರ ಎಷ್ಟಿದೆ, ಮಾತ್ರೆ ತಗೊಂಡ್ರಾ, ನೋವು ಒಂದರಿಂದ ಹತ್ತರಲ್ಲಿ ಎಷ್ಟು. ಮೂರನೇ ದಿನ, "ಇವತ್ತು ಊಟ ಸೇರ್ತಾ?" ಎಂದ.

"ಇದೂ ನಿಮ್ಮ ಫಾರಂನಲ್ಲಿದೆಯಾ?"

"ಇಲ್ಲ ಮೇಡಂ."

ಆಮೇಲೆ ಅವಳು, ಸೇರ್ತು ಎಂದಳು. ಸೇರಿರಲಿಲ್ಲ. ಆದರೆ ಫೋನಿಟ್ಟ ಮೇಲೆ ಎದ್ದು ಹೋಗಿ ಒಂದು ಬಟ್ಟಲು ಸೂಪ್ ಪೂರ್ತಿ ಕುಡಿದಳು.

ಐದನೇ ದಿನ ಕೇಳಿದಳು, "ಅವತ್ತು ನಾನು ಹೇಳಿದ್ದು ನಿಜವಾಗ್ಲೂ ಬರ್ಕೊಂಡ್ರಾ?"

"ಇಲ್ಲ. ಪಾಪ, ನಿಮ್ಮ ದೊಡ್ಡಮ್ಮನ ಹೆಸರು ಯಾಕೆ ಕೆಡಿಸೋದು ಅಂತ ಬಿಟ್ಟೆ."

ಅವಳು ನಕ್ಕಳು, ಕಿವಿ ಚುರ್ ಎಂದಿತು, ಅಯ್ಯೋ ಎಂದಳು. "ಏನಾಯ್ತು? ಏನಾಯ್ತು ಹೇಳಿ?" ಎಂದು ಅವನು ಕೇಳಿದ ದನಿಯಲ್ಲಿ ಮೇಡಂ ಇರಲಿಲ್ಲ.

ಅಲ್ಲ, ಫೋನಿನಲ್ಲಿ ಮುಖ ಕಾಣುತ್ತದೆಯೇ? ಆದರೂ ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಅವಳು ತಲೆ ಬಾಚಿಕೊಳ್ಳತೊಡಗಿದ್ದಳು.

ಒಂಬತ್ತನೇ ದಿನ ಎಡಗಿವಿ ತೆರೆದುಕೊಂಡಿತು. ನಲ್ಲಿ ತೊಟ್ಟಿಕ್ಕುವುದು, ಹೊರಗೆ ಲಿಫ್ಟು ನಿಲ್ಲುವುದು, ಎಲ್ಲ ಕೇಳಿಸಿತು. ಹನ್ನೊಂದಕ್ಕೆ ಫೋನನ್ನು ಬೇಕೆಂದೇ ಆ ಕಿವಿಗೆ ಹಿಡಿದಳು.

"ಈ ಕಿವಿಗೆ ನೀವು ಹೊಸಬರು," ಎಂದಳು.

ಅವನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. "ಓ... ಒಳ್ಳೇದಾಯ್ತು. ಹಾಗಿದ್ರೆ ಡಾಕ್ಟರ ಹತ್ರ ವಿಮಾನ ಹತ್ತಬಹುದು ಅಂತ ಪತ್ರ ತಗೊಳ್ಳಿ. ನಾಳೆಗೇ ಟಿಕೆಟ್ ಮಾಡ್ತೀನಿ." ಒಳ್ಳೆಯದಾಯಿತು ಎನ್ನುವವರ ದನಿ ಹಾಗಿರುವುದಿಲ್ಲ. "ಊರು ಮುಟ್ಟಿದ ಮೇಲೆ ಅಸಲು ಕಾಗದಗಳನ್ನೆಲ್ಲ ಹದಿನೈದು ದಿನದೊಳಗೆ ನಮ್ಮ ಆಫೀಸಿಗೆ ಕಳಿಸಿ. ಒಂದೂ ಕಳೆದುಹೋಗಬಾರದು."

"ನಿಮ್ಮ ಹೆಸರು?"

"ಹೇಳೋ ಹಾಗಿಲ್ಲ ಮೇಡಂ. ರೆಕಾರ್ಡ್ ಆಗ್ತಿದೆ."

ಕಾಯಿಲೆ ವಾಸಿಯಾದದ್ದಕ್ಕೆ ಅವಳಿಗೆ ಅಳು ಬಂದದ್ದು ಅದೇ ಮೊದಲು.

ಊರಿಗೆ ಬಂದಳು. ಬೈಂಡಿಂಗ್ ಅಂಗಡಿ ದೊಡ್ಡಮ್ಮನದು. ಗೋಂದಿನ ಡಬ್ಬ, ರಟ್ಟಿನ ಕಂತೆ, ಮೇಣ ತಿಕ್ಕಿದ ದಾರದ ಉಂಡೆ, ಎಲ್ಲ ಇದ್ದಲ್ಲೇ ಇದ್ದವು. ಹನ್ನೊಂದು ಗಂಟೆ ಮಾತ್ರ ಖಾಲಿಯಾಗಿತ್ತು. ಕೆಲಸದ ನಡುವೆ ಅವಳ ಕೈ ತಾನಾಗಿ ನಿಲ್ಲುತ್ತಿತ್ತು. ಆ ದನಿ ಬೇಕು, ದಿನಾ ಬೇಕು ಎಂದು ಅವಳ ಜೀವ ಸ್ಪಷ್ಟವಾಗಿಯೇ ಹೇಳುತ್ತಿತ್ತು. ಹೆಲ್ಪ್‌ಲೈನಿಗೆ ಮಾಡಿದರೆ ಎಲ್ಲ ರೆಕಾರ್ಡ್ ಆಗುತ್ತದೆ; ಹೆಸರಿಲ್ಲದವನನ್ನು ಇನ್ನೆಲ್ಲಿಂದ ಹುಡುಕುವುದು?

"ಕಿವಿ ವಾಸಿಯಾಯ್ತು, ಈಗ ಇನ್ನೇನೇ ಬಂತು ನಿಂಗೆ?" ಎಂದಳು ದೊಡ್ಡಮ್ಮ.

"ಏನಿಲ್ಲ ದೊಡ್ಡಮ್ಮ."

"ಏನಿಲ್ಲ ಅನ್ನೋರು ಗೋಂದಿನ ಡಬ್ಬದಲ್ಲಿ ಪೆನ್ನು ಅದ್ದಲ್ಲ."

ಕಾಗದಗಳನ್ನು ಹರಡಿಕೊಂಡಳು. ಡಾಕ್ಟರ ಚೀಟಿ, ಔಷಧಿ ರಸೀತಿ, ಕಿವಿ ಪರೀಕ್ಷೆಯ ಚಿತ್ರ, ವಿಮಾನದ ಚೀಟಿ. ಒಂದೂ ಕಳೆದುಹೋಗಬಾರದು ಎಂದಿದ್ದನಲ್ಲ. ಬಿಡಿ ಹಾಳೆ ಯಾರ ಕೈಗೂ ಕೊಡಬಾರದು ಎನ್ನುವುದು ದೊಡ್ಡಮ್ಮನ ಅಂಗಡಿಯ ಕಟ್ಟಳೆ ಬೇರೆ. ಬೈಂಡಿಂಗ್‌ನವಳು ಇನ್ನೇನು ಮಾಡಿಯಾಳು? ದಬ್ಬಣ ತೆಗೆದುಕೊಂಡು ಹೊಲಿದಳು. ಹಿಂದೆ ಮುಂದೆ ಒಂದೊಂದು ಖಾಲಿ ಹಾಳೆ, ನೀಲಿ ಬಟ್ಟೆಯ ರಟ್ಟು. ಪುಟ್ಟ ಚಂದದ ಪುಸ್ತಕವಾಯಿತು. ವಿಳಾಸ ಬರೆಯುವಾಗ ನೋಡಿದರೆ ಆಫೀಸು ಇದೇ ಊರಿನ ಇನ್ನೊಂದು ಮೂಲೆಯಲ್ಲಿತ್ತು! ಈಗಲೇ ಹೋಗಿಬಿಡಲೇ ಎನಿಸಿತು. ಆದರೆ ಹದಿನಾಲ್ಕನೇ ಡೆಸ್ಕಿನವರನ್ನು ಯಾಕೆ ನೋಡಬೇಕು ಎಂದರೆ ಏನು ಹೇಳುವುದು? ಕೊರಿಯರ್ ಮಾಡಿದಳು.

ಮೂರನೇ ದಿನ ಬೆಳಿಗ್ಗೆ ಫೋನ್ ಬಂತು.

"ಹದಿನಾಲ್ಕನೇ ಡೆಸ್ಕ್. ಈ ಮಾತುಕತೆ ರೆಕಾರ್ಡ್... ಮೇಡಂ, ಏನು ಮಾಡಿಟ್ಟಿದ್ದೀರಿ ಇದು? ಸ್ಕ್ಯಾನರ್‌ಗೆ ಬಿಡಿ ಹಾಳೆನೇ ಹಾಕಬೇಕು. ನಮ್ಮ ಮ್ಯಾನೇಜರ್ ಕಟರ್ ತಂದು ಪುಸ್ತಕದ ಬೆನ್ನು ಕತ್ತರಿಸಿ ಅಂತಿದ್ದಾರೆ."

"ಅಯ್ಯೋ, ಬೇಡ!"

"ನಾನೂ ಬೇಡ ಅಂದೆ. ಅರ್ಧ ಗಂಟೆ ಟೈಮ್ ಕೇಳಿದ್ದೀನಿ. ಬಿಚ್ಚೋದು ಹೇಗೆ ಹೇಳ್ಕೊಡಿ."

ಅವಳು ಕಣ್ಣು ಮುಚ್ಚಿ ಕುಳಿತಳು. "ನಡು ಹಾಳೆ ತೆಗೀರಿ. ಗಂಟು ಕಾಣುತ್ತಾ? ಎಳೀಬೇಡಿ. ಉಗುರಲ್ಲಿ ಮೆಲ್ಲಗೆ ಸಡಿಲ ಮಾಡಿ."

"ಬರ್ತಿಲ್ಲ."

"ಅವಸರ ಮಾಡ್ತಿದ್ದೀರಿ. ಉಸಿರು ಬಿಡಿ ಮೊದಲು."

ಅವನು ಉಸಿರು ಬಿಟ್ಟದ್ದು ಅವಳ ಎರಡೂ ಕಿವಿಗೆ ಕೇಳಿಸಿದಂತಾಯಿತು. ಗಂಟು ಬಿಟ್ಟಿತು. ಹೊಲಿಗೆ ಒಂದೊಂದಾಗಿ ಹೊರಬಂತು.

"ಕೊನೇಲಿ ಒಂದು ಖಾಲಿ ಹಾಳೆ ಇದೆ. ಇದನ್ನೂ ಸ್ಕ್ಯಾನ್ ಮಾಡ್ಬೇಕಾ?"

"ಬೇಡ. ಅದು ಸುಮ್ನೆ, ಯಾರಾದ್ರೂ ಏನಾದ್ರೂ ಬರೀಲಿ ಅಂತ."

ಅವನು ಗಂಟಲು ಸರಿಮಾಡಿಕೊಂಡ. "ಕ್ಲೇಮ್ ಪಾಸಾದ ಮೇಲೆ ಅಸಲು ಕಾಗದ ವಾಪಸ್ ಕೊಡ್ತೀವಿ. ಕೊರಿಯರ್‌ನಲ್ಲಿ ಕಳಿಸಬಹುದು, ಇಲ್ಲಾ ಕೈಯಲ್ಲೇ ತಂದು ಕೊಡಬಹುದು. ನಿಮಗೆ ಯಾವುದು?"

"ಕೊರಿಯರ್‌ನವರು ಮಡಚ್ತಾರೆ," ಎಂದಳು. "ಕೈಯಲ್ಲೇ ಬರಲಿ."

"ಆಯ್ತು. ಬರ್ಕೊಂಡೆ."

ಗುರುವಾರ ಮೊಬೈಲಿಗೆ ಮೆಸೇಜ್ ಬಂತು: ನಿಮ್ಮ ಕ್ಲೇಮ್ ಮಂಜೂರಾಗಿದೆ, ಫೈಲ್ ಮುಚ್ಚಲಾಗಿದೆ. ಶುಕ್ರವಾರ ಯಾರೂ ಬರಲಿಲ್ಲ. ಅಂಗಡಿಯ ಬಾಗಿಲಲ್ಲಿ ನೆರಳು ಬಿದ್ದಾಗಲೆಲ್ಲ ಅವಳು ತಲೆಯೆತ್ತಿ, ತಲೆಯೆತ್ತಿ ಸೋತಳು. ಆಫೀಸಿನ ಯಾರೋ ಬಂದು ಸಹಿ ಹಾಕಿಸಿಕೊಂಡು ಹೋದರೆ? ಅಲ್ಲಿಗೆ ಮುಗಿಯಿತಲ್ಲ.

ಶನಿವಾರ ಹನ್ನೊಂದಕ್ಕೆ ಅವಳು ಬೆನ್ನು ತಿರುಗಿಸಿ ರಟ್ಟು ಕತ್ತರಿಸುತ್ತಿದ್ದಳು.

"ನಮಸ್ಕಾರ. ಇವತ್ತು ರೆಕಾರ್ಡ್ ಆಗ್ತಿಲ್ಲ ಮೇಡಂ."

ಅಭ್ಯಾಸದಂತೆ ಬಲಗಿವಿ ಮೊದಲು ಆ ಕಡೆ ತಿರುಗಿತು, ಆಮೇಲೆ ಅವಳು. ದನಿ ಕೇಳಿ ಅವಳು ಎತ್ತರದವನನ್ನು ಕಲ್ಪಿಸಿಕೊಂಡಿದ್ದಳು. ಎತ್ತರವೇನಿಲ್ಲ, ದಪ್ಪ ಕನ್ನಡಕ, ಬಲಗೈ ಹೆಬ್ಬೆರಳಿನ ಉಗುರು ಮುರಿದಿತ್ತು. ಅವನು ಅವಳನ್ನು ನೋಡಿದ, ನೆಲ ನೋಡಿದ, ಮತ್ತೆ ಅವಳನ್ನು ನೋಡಿ ಈ ಸಲ ಕಣ್ಣು ಕೆಳಗಿಳಿಸಲಿಲ್ಲ. ಅವಳ ಕೆನ್ನೆ ಬಿಸಿಯಾಯಿತು, ಜ್ವರವಿಲ್ಲದೆಯೇ.

ದೊಡ್ಡಮ್ಮ ಇಬ್ಬರ ಮುಖವನ್ನೂ ನೋಡಿದಳು. "ಗೋಂದು ಮುಗಿದಿದೆ, ತರ್ತೀನಿ," ಎಂದು ಚೀಲ ಹಿಡಿದು ಹೊರಟಳು. ಗೋಂದಿನ ಡಬ್ಬ ಕಣ್ಣೆದುರೇ ತುಂಬಿ ಕೂತಿತ್ತು.

ಅವನು ಕಾಗದಗಳನ್ನು ಮೇಜಿನ ಮೇಲಿಟ್ಟ. ನೀಲಿ ರಟ್ಟು, ಸುತ್ತಿಟ್ಟ ದಾರ, ಒಂದೂ ಕಳೆದಿರಲಿಲ್ಲ. "ಮತ್ತೆ ಹೊಲೀತೀರಾ? ಒಂದು ಹಾಳೇಲಿ ನಾನು ಬರ್ದಿದ್ದೀನಿ. ಬೇಡ ಅನ್ನಿಸಿದ್ರೆ ಅದನ್ನ ತೆಗೆದುಬಿಡಿ."

ಕೊನೆಯ ಹಾಳೆ ತೆಗೆದಳು. ಅವನ ಹೆಸರಿತ್ತು, ಅವನ ಸ್ವಂತ ನಂಬರಿತ್ತು. ಕೆಳಗೆ ಒಂದೇ ಸಾಲು: ದಿನಾ ಹನ್ನೊಂದಕ್ಕೆ ನಿಮ್ಮ ನೆನಪಾಗಿ ಕೆಲಸ ಕೆಡುತ್ತಿದೆ.

ಅವಳು ನಗು ತಡೆದು, ಪೆನ್ನು ತೆಗೆದುಕೊಂಡು, ಹೆಲ್ಪ್‌ಲೈನಿನ ದನಿಯಲ್ಲೇ ಕೇಳಿದಳು. "ಈ ಮುಂಚೆನೇ ಇದ್ದ ತೊಂದರೆನಾ ಇದು?"

"ಇಲ್ಲ. ನೀವು ಫೋನ್ ಕುಕ್ಕಿದ ದಿನದಿಂದ."

"ಬರ್ಕೊಳ್ಳಲಾ?"

"ಬರ್ಕೊಳ್ಳಿ."

ಅವನ ಸಾಲಿನ ಕೆಳಗೆ 'ನನಗೂ' ಎಂದು ಬರೆದಳು. ಆಮೇಲೆ ದಾರಕ್ಕೆ ಮೇಣ ತಿಕ್ಕಿ, ಆ ಹಾಳೆಯನ್ನೇ ಎಲ್ಲಕ್ಕಿಂತ ಮೊದಲು ಹೊಲಿದಳು.