ಕುರೋವಿಚ್ ಮನೆಯ ಮೆಟ್ಟುಗಲ್ಲು

೧೯೯೪ರ ನವೆಂಬರ್ ಮೂರರ ಬೆಳಿಗ್ಗೆ ಠಾಣೆಗೆ ಬಂದ ದೂರು ಕೇಳಿ ಇನ್‌ಸ್ಪೆಕ್ಟರ್ ವಾಲ್ಚುಕ್‌ಗೆ ನಗು ಬಂತು. ರೈತ ಸ್ತಾಖ್ ಕುರೋವಿಚ್‌ನ ಮನೆಬಾಗಿಲ ಮೆಟ್ಟುಗಲ್ಲು ಕಳುವಾಗಿತ್ತು. ಹಿಂದಿನ ರಾತ್ರಿ ಕುಡಿದು ಬಂದವನು ಖಾಲಿ ಗುಂಡಿಗೆ ಕಾಲಿಟ್ಟು ಮೂಗು ಒಡೆದುಕೊಂಡಿದ್ದ.

“ಯೆಹೂದಿಗಳದ್ದೇ ಕೆಲಸ, ಬರ್ಕೊಳ್ಳಿ. ಹೋದ ತಿಂಗಳು ವಾರ್ಸಾದಿಂದ ಬಂದು ಅವರ ಹಳೇ ಸ್ಮಶಾನ ಸುತ್ತಾಡಿ ಹೋದ್ರಲ್ಲ.”

“ನಿಮ್ಮ ಮೆಟ್ಟುಗಲ್ಲು ಅವರಿಗ್ಯಾಕಪ್ಪ?”

ಕುಂಬಳಕಾಯಿ ಕಳ್ಳ ಎಂದರೆ ಸ್ತಾಖ್ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು. “ಅದು ಸಮಾಧಿಕಲ್ಲು, ಯುದ್ಧದ ಕಾಲದಲ್ಲಿ ಅಪ್ಪ ಆ ಸ್ಮಶಾನದಿಂದ ತಂದಿದ್ದು. ಊರಲ್ಲಿ ಯಾರು ತರ್ಲಿಲ್ಲ?”

ವಾಲ್ಚುಕ್‌ನ ನಗು ನಿಂತಿತು. ತನ್ನ ಅಜ್ಜನ ಸಾಣೆಕಲ್ಲು ಎಲ್ಲಿಂದ ಬಂತೆಂದು ಅವನೂ ಕೇಳಿರಲಿಲ್ಲ. ಎಫ್‌ಐಆರ್ ದಾಖಲಿಸಿ ಹೊರಟ.

ಸ್ತಾಖ್‌ನ ಬಾಗಿಲ ಗುಂಡಿಯಿಂದ ಕೈಗಾಡಿಯ ಗುರುತು ನೇರ ಯೆಹೂದಿ ಸ್ಮಶಾನಕ್ಕೆ ಹೋಗಿತ್ತು. ಅಲ್ಲಿ ಹುಲ್ಲಲ್ಲಿ ವಾಲಿದ ಕಲ್ಲುಗಳ ನಡುವೆ ಆ ಮೆಟ್ಟುಗಲ್ಲೊಂದೇ ನೆಟ್ಟಗೆ ನಿಂತಿತ್ತು. ಐವತ್ತು ವರ್ಷ ನೆಲಕ್ಕೆ ಮುಖ ಮಾಡಿದ್ದ ಬದಿಯಲ್ಲಿ ಮುರಿದ ಮೇಣದಬತ್ತಿಯ ಕೆತ್ತನೆ, ಕೆಳಗೆ ಯೆಹೂದಿ ಲಿಪಿಯ ಅಕ್ಷರ. ಬುಡದಲ್ಲಿ ಕೆಂಪು ಗಾಜಿನ ದೀಪ ಇನ್ನೂ ಉರಿಯುತ್ತಿತ್ತು. ಯಾರೋ ಹಿಂದೆ ನಿಂತಂತಾಗಿ ವಾಲ್ಚುಕ್ ತಿರುಗಿ ನೋಡಿದ. ಪೇದೆ ಮ್ಯೇತೆಕ್ ಆಗಲೇ ಶಿಲುಬೆ ಗುರುತು ಹಾಕಿಕೊಳ್ಳುತ್ತಿದ್ದ.

“ಯೆಹೂದಿಗಳಾಗಿದ್ರೆ ಸಮಾಧಿ ಮೇಲೆ ಸಣ್ಣ ಕಲ್ಲು ಇಟ್ಟು ಹೋಗ್ತಿದ್ರು,” ಎಂದ ವಾಲ್ಚುಕ್. “ ಸತ್ತವರ ಹಬ್ಬಕ್ಕೆ ಈ ದೀಪ ಹಚ್ಚೋರು ನಾವು. ಕಳ್ಳರು ನಮ್ಮ ಚರ್ಚಿನವರೇ ಕಣಯ್ಯಾ.”

ಚರ್ಚಿನ ಸ್ಮಶಾನದಲ್ಲಿ ಎಲ್ಲ ಸಮಾಧಿಗಳ ಮೇಲೂ ದೀಪವಿತ್ತು. ವಸಂತದಲ್ಲಿ ತೀರಿಕೊಂಡ ಸ್ತಾಖ್‌ನ ಅಪ್ಪನದರ ಮೇಲೆ ಮಾತ್ರ ದೀಪವಿರಲಿಲ್ಲ, ಅದನ್ನಿಟ್ಟಿದ್ದ ಮಸಿಯ ಉಂಗುರ ಉಳಿದಿತ್ತು.

ಸ್ತಾಖ್‌ನ ಅಕ್ಕ ಬ್ರೋನಿಸ್ಲಾವಾ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದಳು.

“ಅಪ್ಪನ ದೀಪ ಎಲ್ಲಮ್ಮಾ?”

“ನೋಡ್ಕೊಂಡೇ ಬಂದಿದ್ದೀರಲ್ಲ. ಈ ವರ್ಷ ಅವರು ಕತ್ತಲಲ್ಲೇ ಇರ್ಲಿ.”

“ಕಲ್ಲು ಯಾರದ್ದು?”

“ರಿಫ್ಕಾಳ ಅವ್ವಂದು. ರಿಫ್ಕಾ ನನ್ನ ಜೊತೆಗಾತಿ. ಜರ್ಮನ್ನರು ಅವಳನ್ನ ಕೊಂದ ವರ್ಷಾನೇ ಅಪ್ಪ ಕಲ್ಲು ತಂದ್ರು. ಅವತ್ತಿಂದ ಕತ್ತಲಾದ್ರೆ ಬಾಗಿಲವರೆಗೂ ಬರ್ತಾಳೆ, ನಿಂತು ಹೋಗ್ತಾಳೆ. ಅವ್ವನ ಹೆಸರು ತುಳ್ಕೊಂಡು ಒಳಗೆ ಹೇಗೆ ಬಂದಾಳು? ಅಪ್ಪ ಇರೋವರೆಗೂ ಕಲ್ಲು ಕೀಳೋ ಧೈರ್ಯ ನಂಗೆ ಬರ್ಲಿಲ್ಲ.”

“ತಲೆ ಕೆಟ್ಟಿದ್ಯಾ ಅಕ್ಕಾ?” ಎಂದ ಅವರ ಹಿಂದೆಯೇ ಬಂದಿದ್ದ ಸ್ತಾಖ್. ಅವಳು ಕೊನೆಯ ಆಲೂಗಡ್ಡೆ ಸುಲಿದು ಕೈ ತೊಳೆದಳು.

ಕಲ್ಲನ್ನು ಇದ್ದಲ್ಲಿಯೇ ಬಿಡಲಾಗಿದೆ ಎಂದು ವಾಲ್ಚುಕ್ ಪಂಚನಾಮೆಯಲ್ಲಿ ಬರೆಸಿದ. ಬಂಧನದ ಕಾಗದಕ್ಕೆ ಅವಳ ಸಹಿ ಪಡೆದ. ಜೀಪಿನ ಬಳಿ ಅವನಿಗೆ ಕೇಳದಿರಲಾಗಲಿಲ್ಲ.

“ಈಗ್ಲೂ ಬರ್ತಾಳಾ?”

“ನಿನ್ನೆ ಒಳಗೇ ಬಂದ್ಲು. ಒಲೆ ಹತ್ರ ಕೂತ್ಲು. ಹೊರಗೆ ಹೋಗಿದ್ದು ನೋಡ್ಲಿಲ್ಲ.”

ಜೀಪು ಹೊರಟಿತು. ಸ್ತಾಖ್ ಗುಂಡಿಯ ಈಚೆ ನಿಂತು ತೆರೆದ ಬಾಗಿಲನ್ನೇ ನೋಡುತ್ತಿದ್ದ. ಕತ್ತಲಾದರೂ ಒಳಗೆ ಹೋಗಲಿಲ್ಲ.