ಅರ್ಧ ಕ್ಷೌರ

ಬೆಳಿಗ್ಗೆ ಹತ್ತೂಕಾಲಿಗೆ ಕೆನ್ನೆಗೆ ಟವೆಲ್ ಒತ್ತಿಕೊಂಡ ಗಿರಾಕಿಯೊಬ್ಬ ಠಾಣೆಗೆ ಬಂದ. ಟವೆಲ್ ಪೂರ್ತಿ ಕೆಂಪಾಗಿತ್ತು. ಕ್ಷೌರದಂಗಡಿಯಲ್ಲಿ ತನ್ನ ಕೆನ್ನೆ ಸೀಳಿದ್ದಾರೆ ಎಂಬುದು ದೂರು. ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿದ ಮೇಲೆ ಇನ್ಸ್‌ಪೆಕ್ಟರ್ ಹೇಳಿಕೆ ಪಡೆದರು.

"ಕುಯ್ದಿದ್ದು ಯಾರು?"

"ಕಣ್ಣ ಮೇಲೆ ಬಿಸಿ ಬಟ್ಟೆ ಇತ್ತು ಸಾರ್. 'ಬೇಗ ಮುಗ್ಸಿ' ಅಂದೆ, ಅಷ್ಟೇ. ಕಣ್ಣು ಬಿಟ್ಟಾಗ ಕತ್ತಿ ಸಹಾಯಕನ ಕೈಲಿತ್ತು."

ಎಫ್‌ಐಆರ್ ದಾಖಲಾಯಿತು. ಅಂಗಡಿಯಲ್ಲಿದ್ದವರು ಇಬ್ಬರೇ: ಅಜಾತಶತ್ರು ಎನಿಸಿಕೊಂಡ ಮುದುಕ ಯಜಮಾನರು, ಮೂವತ್ತು ದಾಟಿದ ಸಹಾಯಕ. ಸಹಾಯಕನ ಅಪ್ಪ ಒಬ್ಬನಿಗೆ ಚಾಕು ಹಾಕಿ ಜೈಲಿನಲ್ಲೇ ಸತ್ತವನು. ಇನ್ನೇನು ಬೇಕು? ಬೀದಿಯೆಲ್ಲ ಆಗಲೇ ತೀರ್ಪು ಕೊಟ್ಟಾಗಿತ್ತು.

"ನೂಲಿನಂತೆ ಸೀರೆ ಸಾರ್, ಅಪ್ಪನಂತೆ ಮಗ. ರಕ್ತ ಎಲ್ಲಿಗೆ ಹೋಗುತ್ತೆ?" ಎಂದ ಮುಖ್ಯಪೇದೆ.

"ನಿಮ್ಮಪ್ಪ ಸಂಗೀತದ ಮೇಷ್ಟ್ರು ಅಲ್ವೇನ್ರೀ? ಎಲ್ಲಿ, ಒಂದು ಹಾಡು ಹೇಳಿ," ಎಂದರು ಇನ್ಸ್‌ಪೆಕ್ಟರ್.

ಮುಖ್ಯಪೇದೆಯ ಕಾಗೆ ಕಂಠ ಠಾಣೆಗೆಲ್ಲ ಗೊತ್ತು.

ಪಂಚನಾಮೆ ಮಾಡಿ ಕತ್ತಿ ವಶಪಡಿಸಿಕೊಂಡು, ಸಹಾಯಕನನ್ನು ಠಾಣೆಗೆ ತಂದರು. ಎಲ್ಲರೂ ಕತ್ತಿ ನೋಡುತ್ತಿದ್ದರೆ ನಮ್ಮ ಇನ್ಸ್‌ಪೆಕ್ಟರ್ ಸಹಾಯಕನ ಕೈ ನೋಡಿದರು. ಎಡ ಅಂಗೈ ಅಡ್ಡಕ್ಕೆ ಸೀಳಿತ್ತು. ಕತ್ತಿಯ ಹಿಡಿಕೆ ಹಿಡಿದವನ ಅಂಗೈ ಕುಯ್ಯುವುದಿಲ್ಲ, ಅಲಗು ಹಿಡಿದು ಕಿತ್ತುಕೊಂಡವನದು ಕುಯ್ಯುತ್ತದೆ. ಭೇಷ್ ಅನ್ನಬೇಕು ಆ ಕಣ್ಣಿಗೆ!

"ಯಾರ ಕೈಯಿಂದ ಕಿತ್ಕೊಂಡೆ?"

ಸಹಾಯಕ ಅಂಗೈ ಮಡಚಿ ಬೆನ್ನ ಹಿಂದೆ ಇಟ್ಟುಕೊಂಡ.

"ಜೈಲಿಗೆ ಹೋಗ್ತೀಯ, ಗೊತ್ತಾ?"

"ಗೊತ್ತು ಸಾರ್. ಅಪ್ಪನ ಹೆಸರು ಕೇಳಿ ಎಲ್ರೂ ಬಾಗಿಲು ಹಾಕ್ದಾಗ ಕೆಲಸ ಕೊಟ್ಟೋರು ಯಜಮಾನ್ರೊಬ್ರೇ."

ಯಜಮಾನರ ಹೆಂಡತಿ ಅಳುತ್ತ ಹೇಳಿದರು: "ಇರುವೇನೂ ತುಳಿಯದ ಮನುಷ್ಯ ಸಾರ್. ಮೂರ್ನಾಲ್ಕು ತಿಂಗಳಿಂದ ತಟ್ಟೆ ಎಸೀತಾರೆ. ಮೊಮ್ಮಗಳ ಮೇಲೂ ಕೈ ಎತ್ತಿದ್ರು. ಆಮೇಲೆ ತಲೆನೋವು ಅಂತ ಗೋಡೆಗೆ ತಲೆ ಒತ್ಕೊಂಡು ಕೂತಿರ್ತಾರೆ."

ಮಧ್ಯಾಹ್ನ ಇನ್ಸ್‌ಪೆಕ್ಟರ್ ಅಂಗಡಿಗೆ ಹೋಗಿ ಕುರ್ಚಿಯಲ್ಲಿ ಕೂತರು. "ಯಜಮಾನ್ರೇ, ಒಂದು ಶೇವ್ ಮಾಡಿ."

ಮುಖ್ಯಪೇದೆ ಯಜಮಾನರ ಬಲ ಮೊಣಕೈ ಪಕ್ಕವೇ ನಿಂತ. ಯಜಮಾನರು ಬಲಗೆನ್ನೆಯನ್ನು ಬೆಣ್ಣೆಯಂತೆ ನುಣುಪು ಮಾಡಿ, ಕತ್ತಿ ಒರೆಸಿ, "ಆಯ್ತು ಸಾರ್" ಎಂದರು. ಎಡಗೆನ್ನೆಯ ನೊರೆ ಹಾಗೇ ಇತ್ತು. ಅವರಿಗೆ ಅದು ಕಾಣಲೇ ಇಲ್ಲ.

"ಇನ್ನೂ ಅರ್ಧ ಇದೆ. ಬೇಗ ಮುಗ್ಸಿ."

ಕತ್ತಿ ಮೇಲೆದ್ದಿತು. ಮುಖ್ಯಪೇದೆ ಗಬಕ್ಕನೆ ಮಣಿಕಟ್ಟು ಹಿಡಿದ. ಯಜಮಾನರು ಬಾಯಿಗೆ ಬಂದಂತೆ ಬೈದರು. ಮರುಗಳಿಗೆಗೇ ಸಿಟ್ಟು ಇಳಿದು, ಯಾರದೋ ಕೈ ನೋಡುವಂತೆ ತಮ್ಮ ಕೈಯನ್ನೇ ನೋಡಿದರು.

"ಬೆಳಿಗ್ಗೇನೂ ನಾನೇ ಸಾರ್. ಯಾಕೆ ಅಂತ ನಂಗೇ ಗೊತ್ತಿಲ್ಲ."

ಅವರನ್ನು ಬಂಧಿಸಿ, ನೇರವಾಗಿ ಆಸ್ಪತ್ರೆಗೆ ಕರೆದೊಯ್ದರು. ಸಂಜೆಯ ಹೊತ್ತಿಗೆ ಸ್ಕ್ಯಾನ್ ಬಂತು: ಮಿದುಳಿನ ಬಲ ಮುಂಭಾಗದಲ್ಲಿ ನೆಲ್ಲಿಕಾಯಿ ಗಾತ್ರದ ಗಡ್ಡೆ.

"ಸಿಟ್ಟಿಗೆ ಕಡಿವಾಣ ಹಾಕೋ ಜಾಗಾನೇ ಒತ್ತಿದೆ, ಎಡಗಡೆ ಇರೋದು ಗಮನಕ್ಕೆ ಬರದಿದ್ದೂ ಅದ್ರಿಂದಾನೇ," ಎಂದರು ವೈದ್ಯೆ. "ಗಡ್ಡೆ ಇರೋರೆಲ್ಲ ಕತ್ತಿ ಎತ್ತಲ್ಲ. ಆದ್ರೆ ಇವ್ರನ್ನ ಬದಲಾಯಿಸಿದ್ದು ಇದೇ ಅನ್ನೋದ್ರಲ್ಲಿ ನಂಗೆ ಅನುಮಾನ ಕಮ್ಮಿ."

ಇನ್ಸ್‌ಪೆಕ್ಟರ್ ನ್ಯಾಯಾಲಯಕ್ಕೆ ಕೊಡುವ ವರದಿಯಲ್ಲಿ ಅದನ್ನು ಹಾಗೇ ಬರೆದರು. ಲಾಕಪ್ಪಿನ ಬಾಗಿಲು ತೆರೆಸಿ ಸಹಾಯಕನಿಗೂ ತಿಳಿಸಿದರು. ಆತ ಬಹಳ ಹೊತ್ತು ಅತ್ತ. ಆಮೇಲೆ ಮೆಲ್ಲಗೆ ಕೇಳಿದ:

"ಹಂಗಾದ್ರೆ ಅಪ್ಪಂದೂ ಏನಾದ್ರೂ ನನ್ನ ತಲೇಲಿ ಇರುತ್ತಾ ಸಾರ್? ಒಂದಿನ ನಾನೂ..."

ಇನ್ಸ್‌ಪೆಕ್ಟರ್ ತಮ್ಮ ಎಡಗೆನ್ನೆ ಸವರಿಕೊಂಡರು. ಅಂಗಡಿಯಿಂದ ಇನ್ನೊಂದು ಕತ್ತಿ, ಸೋಪು ತರಿಸಿದರು. ಕುರ್ಚಿಯನ್ನು ಕಿಟಕಿಯ ಬೆಳಕಿಗೆ ಎಳೆದು ಕೂತರು.

"ಈ ಮುಖ ಹೊತ್ಕೊಂಡು ಹೋದ್ರೆ ನಮ್ಮನೆಯವಳು ಬಾಗಿಲು ತೆಗೆಯಲ್ಲ ಮಾರಾಯ. ನಿಧಾನಕ್ಕೆ ಮಾಡು, ಅವಸರ ಇಲ್ಲ," ಎಂದು ಕತ್ತು ಹಿಂದಕ್ಕೆ ಚಾಚಿ ಕಣ್ಣು ಮುಚ್ಚಿದರು.